‘ಬೆಳಕು’ ಎಂದು ಬರೆದ ಲಕೋಟೆ

ಫೋಟೋಗ್ರಾಫರ್ ಕಲ್ಲಯ್ಯನವರು ಲಿಂಗೈಕ್ಯರಾದ ಇಪ್ಪತ್ತೊಂದನೆಯ ದಿನ ಶಿರಸಿಯ ಕಲ್ಯಾಣಮಂಟಪವೊಂದರ ಬಾಗಿಲಲ್ಲಿ ಹನ್ನೆರಡು ಅಡಿ ಎತ್ತರಕ್ಕೆ ಮತ್ತೆ ಎದ್ದು ನಿಂತರು. ಫ್ಲೆಕ್ಸಿನ ಮೇಲೆ. ಹೆಗಲಿಗೆ ಶಾಲು, ಹಣೆಗೆ ವಿಭೂತಿ, ಬೆನ್ನ ಹಿಂದೆ ಅವರು ಜನ್ಮದಲ್ಲಿ ನೋಡದ ಹಿಮಾಲಯ. ಮೇಲ್ಗಡೆ ಕೇಸರಿ ಅಕ್ಷರದಲ್ಲಿ ‘ಛಾಯಾಲೋಕದ ತಪಸ್ವಿ’, ಕೆಳಗಡೆ ಹಸಿರಿನಲ್ಲಿ ‘ಆದರ್ಶ ಕುಟುಂಬವತ್ಸಲ’. ಪಕ್ಕದಲ್ಲೇ, ಅವರಿಗಿಂತ ಒಂದು ಗೇಣು ಮಾತ್ರ ಗಿಡ್ಡಾಗಿ, ಕೈಮುಗಿದು ನಿಂತವರು ನುಡಿನಮನ ಸಮಿತಿಯ ಅಧ್ಯಕ್ಷರಾದ ದಾಸನಕೊಪ್ಪದ ಅಕ್ಕಿ ವ್ಯಾಪಾರಿ ಸದಾಶಿವಪ್ಪ. ಇಬ್ಬರಲ್ಲಿ ಸತ್ತವರು ಯಾರೆಂದು ದಾರಿಹೋಕರಿಗೆ ಗೊಂದಲವಾಗದಿರಲಿ ಎಂದು ಕಲ್ಲಯ್ಯನವರ ತಲೆಯ ಸುತ್ತ ಒಂದು ಪ್ರಭಾವಳಿ ಬಿಡಿಸಿದ್ದರು.

ಪಾರ್ವತವ್ವ ಆಟೋ ಇಳಿದು ಗಂಡನನ್ನು ಕೆಳಗಿನಿಂದ ಮೇಲಕ್ಕೆ ಓದಿದಳು. ‘ಕುಟುಂಬವತ್ಸಲ’ ಎಂಬಲ್ಲಿ ಅರೆಗಳಿಗೆ ನಿಂತಳು. ಸುಳ್ಳು ಅನ್ನುವಂತಿರಲಿಲ್ಲ. ಐವತ್ತು ವರ್ಷ ಆ ಮನುಷ್ಯ ಕುಟುಂಬಗಳನ್ನು ಬಿಟ್ಟು ಒಂದು ದಿನ ಇದ್ದವರಲ್ಲ. ಸಿದ್ದಾಪುರದ ಕುಟುಂಬದ ಮದುವೆ, ಯಲ್ಲಾಪುರದ ಕುಟುಂಬದ ಮುಂಜಿ, ಬನವಾಸಿಯ ಕುಟುಂಬದ ಗೃಹಪ್ರವೇಶ. ಸ್ವಂತ ಮಗ ಗಿರೀಶ ಹುಟ್ಟಿದ ದಿನ ಹುಲೇಕಲ್ಲಿನಲ್ಲಿ ಯಾರದೋ ಮಗುವಿನ ನಾಮಕರಣದ ಫೋಟೋ ಹೊಡೆಯುತ್ತಿದ್ದರು. ಮೂರನೆಯ ದಿನ ಬಂದವರು ಕೂಸಿನ ಮುಖ ನೋಡಿ, "ಕಿಟಕಿ ಕಡೆ ತಿರುಗ್ಸು, ಮೂಗಿನ ಮ್ಯಾಲೆ ನೆರಳು ಬಿದ್ದೈತಿ" ಅಂದಿದ್ದರು. ವಾತ್ಸಲ್ಯ ಅಂದರೆ ಅದು.

ಆದರೆ ಇವತ್ತು ಅವಳು ಬಂದದ್ದು ಹೊಗಳಿಕೆ ಕೇಳುವುದಕ್ಕಲ್ಲ. ಒಂದು ಲಕೋಟೆ ಹುಡುಕುವುದಕ್ಕೆ.

ನಾಲ್ಕು ದಿನದ ಹಿಂದೆ ದೇವಕಿ ಮನೆಗೆ ಬಂದಿದ್ದಳು. ದೇವಕಿಯ ತಾಯಿ ಚೌಡಮ್ಮ ಮೂವತ್ತು ವರ್ಷ ಕಲ್ಲಯ್ಯನವರ ಸ್ಟುಡಿಯೋ ಗುಡಿಸಿದವಳು, ಊರಾಚೆಯ ಕೇರಿಯವಳು, ಹೋದ ವರ್ಷ ತೀರಿಕೊಂಡಿದ್ದಳು. ಮಗಳು ಆಸ್ಪತ್ರೆಯಲ್ಲಿ ಆಯಾ. ಇಂಜೆಕ್ಷನ್ ಕೊಡುವ ನರ್ಸಮ್ಮಂದಿರನ್ನೇ ಗದರಿಸುವ ಹೆಂಗಸು, ಈ ಮನೆಗೆ ಬಂದರೆ ಮಾತ್ರ ಅವ್ವನ ಅಭ್ಯಾಸದಂತೆ ಜಗಲಿಯ ಕೆಳಗೇ ನಿಲ್ಲುತ್ತಾಳೆ.

"ಬರೂ ಬುಧವಾರ ಅವ್ವಂದು ವರ್ಷ ಅಕ್ಕಾ. ಗೋಡೆಗೆ ಹಾಕೂಕೆ ಒಂದು ಮುಖ ಇಲ್ಲ."

"ಆಧಾರ್ ಕಾರ್ಡ್‌ನಾಗ ಐತಲ್ಲ?"

"ಅದನ್ನ ನೋಡಿ ಅವ್ವನೇ ಹೆದ್ರಿದ್ಲು. ‘ಯಾರೇ ಇದು, ಕಳ್ಳಿ ಹಾಂಗಿದಾಳೆ’ ಅಂದಿದ್ಲು. ಮೂವತ್ತು ವರ್ಷ ಕ್ಯಾಮರಾದ ಎದುರಿಗೇ ಕಸ ಹೊಡದ್ಲಲ್ಲ, ಒಂದಾದ್ರೂ ಹೊಡೆದಿರೂದಿಲ್ವ?"

ಹೊಡೆದಿದ್ದರು. ಒಂದೇ ಒಂದು.

ದೊಡ್ಡ ಮನೆಯ ಗಿರಾಕಿಗಳಿಗೆ ಬೆಳಕು ಹೊಂದಿಸುವ ತನಕ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಹಾಗಾಗಿ ಅವರು ಬರುವ ಮೊದಲೇ ಚೌಡಮ್ಮನನ್ನು ಅವರ ಜಾಗದಲ್ಲಿ ನಿಲ್ಲಿಸಿ, ಕಲ್ಲಯ್ಯನವರು ಕ್ಯಾಮರಾದ ಕರೀ ಬಟ್ಟೆಯೊಳಗೆ ತಲೆ ತೂರಿಸಿ ಕಿಟಕಿಯ ಪರದೆ ಹೊಂದಿಸಿಕೊಳ್ಳುತ್ತಿದ್ದರು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಮ್ಮೆ, ನೆಗೆಟಿವ್ ಮೂಡುವ ಗಾಜಿನ ಪ್ಲೇಟುಗಳನ್ನು ಹೊಸದಾಗಿ ತರಿಸಿದಾಗ ಪರೀಕ್ಷಿಸಲು, ಎತ್ತರ ಸರಿಹೋಗಲೆಂದು ಅವಳನ್ನು ಗಿರಾಕಿಗಳ ಕುರ್ಚಿಯಲ್ಲೇ ಕೂರಿಸಿ ಒಂದು ಪ್ಲೇಟಿನಲ್ಲಿ ಫೋಟೋ ಹೊಡೆದರು. ಚೌಡಮ್ಮ ರೆಪ್ಪೆ ಅಲುಗಿಸಲಿಲ್ಲ. ನೆಗೆಟಿವ್ ತೊಳೆದು ನೋಡಿದರೆ ಅಂಥ ಫೋಟೋ ಜಿಲ್ಲೆಯಲ್ಲೇ ಇಲ್ಲ. ಕಲ್ಲಯ್ಯನವರಿಗೆ ಹಿಗ್ಗೋ ಹಿಗ್ಗು, ಚೌಡಮ್ಮನ ಬಗ್ಗೆಯಲ್ಲ, ಬೆಳಕಿನ ಬಗ್ಗೆ. ಲಕೋಟೆಯ ಮೇಲೆ ‘ಬೆಳಕು’ ಎಂದು ಬರೆದು ಅಳತೆಗೋಲಿನಂತೆ ಇಟ್ಟುಕೊಂಡರು. ಪ್ರಿಂಟು ಹಾಕಿ ಅವಳಿಗೊಂದು ಕೊಡಬಹುದು ಎಂಬುದು ಆ ತಪಸ್ವಿಗೆ ಹೊಳೆಯಲಿಲ್ಲ. ಅವಳು ಕುರ್ಚಿಯಿಂದ ಎದ್ದ ಮೇಲೆ ಪಾರ್ವತವ್ವ ಒದ್ದೆ ಬಟ್ಟೆ ತಂದು ಕುರ್ಚಿ ಒರೆಸಿದ್ದಳು. ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಐತವ್ವಾ. ಪ್ರಿಂಟ್ ಹಾಕ್ಸಿ ಕೊಡ್ತೀನಿ. ಆಯ್ತವಾರ ಮಂಟಪಕ್ಕ ಬಾ," ಎಂದು ಮಾತು ಕೊಟ್ಟಿದ್ದಳು. ದೇವಕಿ ಅಲ್ಲಿಂದ ಹೋದ ರೀತಿ ನೋಡಿದರೆ ಫೋಟೋ ಆಗಲೇ ಕೈಗೆ ಸಿಕ್ಕಂತಿತ್ತು. ಅಟ್ಟ ಹತ್ತಿ ನೋಡಿದರೆ ನೆಗೆಟಿವ್ ತುಂಬಿದ್ದ ತಗಡಿನ ಟ್ರಂಕೇ ಇಲ್ಲ. ಗಿರೀಶ ಸಮಿತಿಗೆ ಕೊಟ್ಟಿದ್ದ.

ಮಂಟಪದೊಳಗೆ ಗಿರೀಶ ದೊಡ್ಡ ಪರದೆಯ ಮುಂದೆ ಲ್ಯಾಪ್‌ಟಾಪ್ ಹಿಡಿದು ಬೆವರುತ್ತಿದ್ದ. ಅವನದು ಈಗ ಫ್ಲೆಕ್ಸ್, ಡ್ರೋನ್, ಮದುವೆಗೆ ಮೊದಲಿನ ಮುದ್ದಾಟದ ವಿಡಿಯೋ. ಇವತ್ತಿಗಾಗಿ ಕಂಪ್ಯೂಟರಿನಲ್ಲಿ ಅಪ್ಪನಿಗೆ ಜೀವ ತರಿಸಿ, ಪರದೆಯಿಂದಲೇ ಊರಿಗೆ ಆಶೀರ್ವಾದ ಮಾಡಿಸುವ ಏರ್ಪಾಡು ಮಾಡಿದ್ದ.

"ಟ್ರಂಕ್ ಎಲ್ಲಿ ಇಟ್ಟೀಯೋ?"

"ಈಗ ಬ್ಯಾಡವ್ವಾ, ಅಪ್ಪ ಅಲುಗಾಡಾಕತ್ತಿಲ್ಲ."

"ಮೂರು ವಾರದಿಂದ ಅಲುಗಾಡಿಲ್ಲಪ್ಪಾ. ಟ್ರಂಕ್ ಎಲ್ಲೈತಿ?"

ವೇದಿಕೆಯ ಕೆಳಗಿತ್ತು. ಮುಚ್ಚಳ ತೆಗೆದರೆ ಖಾಲಿ.

"ಹೆಸರಿದ್ದವನ್ನ ಸ್ಕ್ಯಾನಿಗೆ ಕಳಿಸೀವಿ. ಹೆಸರಿಲ್ಲದ್ದನ್ನ ಗುಜರಿಯವ ಒಯ್ದ. ಕರಗಿಸಿ ಬೆಳ್ಳಿ ತಗೀತಾರಂತ."

"‘ಬೆಳಕು’ ಅಂತ ಬರ್ದಿತ್ತಲ್ಲೋ ಒಂದರ ಮ್ಯಾಲೆ!"

"ಬೆಳಕು ಅಂದ್ರ ಯಾರವ್ವಾ? ಯಾವ ಮನೆತನ?"

ಸದಾಶಿವಪ್ಪ ಅಷ್ಟರಲ್ಲಿ ಅಲ್ಲಿಗೇ ಬಂದರು. "ಆರಿಸಿದ್ದು ನಾನ ರಿ ಅವ್ವಾರ. ಇತಿಹಾಸ ಅಂದಮ್ಯಾಲೆ ಹೆಸರು ಬೇಕ್ರಿ. ಹೆಸರಿಲ್ಲದೋರಿಗೆ ಎಲ್ಲೀ ಇತಿಹಾಸ?" ಎಂದು, ಹೊಸದಾಗಿ ಹೊಲಿಸಿದ ಜುಬ್ಬಾದ ತೋಳು ಸರಿಮಾಡಿಕೊಂಡು ಹಾರ ಎಣಿಸಲು ಹೋದರು.

ಪಾರ್ವತವ್ವ ಖಾಲಿ ಟ್ರಂಕಿನ ಮೇಲೇ ಕೂತಳು. ಆಗ ಗೋಡೆ ಕಂಡಿತು.

ಸದಾಶಿವಪ್ಪನವರ ದೊಡ್ಡ ಯೋಜನೆ ಅದು. ಕಲ್ಲಯ್ಯನವರ ಕೈಯಲ್ಲಿ ಮೂಡಿದ ಹಿರಿಯರ ಭಾವಚಿತ್ರಗಳನ್ನು ಮನೆಮನೆಯಿಂದ ಇಳಿಸಿ ತಂದು ಒಂದೇ ಕಡೆ ತೂಗುಹಾಕುವುದು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ವಾಟ್ಸಾಪಿನಲ್ಲಿ ಪೀಡಿಸಿ, ಅರವತ್ತು ಚಿತ್ರ ತರಿಸಿದ್ದರು. ಹುಲೇಕಲ್ಲಿನ ಶಾನುಭೋಗರು, ಸಿದ್ದಾಪುರದ ವಕೀಲರು, ದಾಸನಕೊಪ್ಪದ ಗೌಡರು, ಯಲ್ಲಾಪುರದ ಮುತ್ತಜ್ಜಿಯರು. ಜೀವಮಾನದಲ್ಲಿ ಒಬ್ಬರ ಪಂಕ್ತಿಯಲ್ಲಿ ಒಬ್ಬರು ಉಣ್ಣದವರು ಇವತ್ತು ಭುಜಕ್ಕೆ ಭುಜ ತಾಗಿಸಿ ತೂಗುತ್ತಿದ್ದರು. ಮತ್ತು ಅವರಲ್ಲಿ ಬಹಳ ಮಂದಿ ಪಾರ್ವತವ್ವನನ್ನು ಒಂದೇ ಜೊತೆ ಕಣ್ಣಿನಿಂದ ನೋಡುತ್ತಿದ್ದರು.

ಅವಳು ಎಣಿಸಿದಳು. ನಲವತ್ಮೂರು.

ಅಷ್ಟೂ ಮಂದಿಗೆ ಎಡರೆಪ್ಪೆ ಎಳ್ಳಿನಷ್ಟು ಇಳಿದದ್ದು, ಪಾಪೆಯ ಮೇಲಂಚಿನಲ್ಲಿ ಕಿಟಕಿಯ ಬಿಳಿ ಚೌಕ. ಹೊಲದ ಬದುವಿನಲ್ಲಿ ಕೂರಿಸಿ ಫೋಟೋ ಹೊಡೆದಿದ್ದ ಹೆಣದ ಕಣ್ಣಲ್ಲೂ ಕಲ್ಲಯ್ಯನವರ ಸ್ಟುಡಿಯೋದ ಕಿಟಕಿ.

ಕಲ್ಲಯ್ಯನವರದು ಒಂದೇ ಪ್ಲೇಟಿನ ವ್ರತ. ಎಂಥವರೇ ಬರಲಿ, ಎರಡನೆಯ ಪ್ಲೇಟು ಹಾಳುಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿದವರು ಮುಚ್ಚಿದಂತೆಯೇ ಬೀಳುತ್ತಿದ್ದರು. ಅದರ ಮೇಲೆ ಬನವಾಸಿ ಕಡೆಯ ಕರೆಗಳು. ಅಲ್ಲಿ ತೀರಿಕೊಂಡವರಿಗೆ ವಿಭೂತಿ ಬಳಿದು, ಹಾರ ಹಾಕಿ, ಕೂರಿಸಿ, ಸುತ್ತ ಮನೆಮಂದಿಯೆಲ್ಲ ನಿಂತು ಫೋಟೋ ಹೊಡೆಸುತ್ತಾರೆ. ಎಷ್ಟೋ ಮುದುಕರಿಗೆ ಅದೇ ಮೊದಲನೆಯದು, ಅದೇ ಕೊನೆಯದು. "ಗೋಡೀಗೆ ಹಾಕ್ತೀವ್ರಿ, ಜೀವಂತ ಇದ್ದಂಗ ಮಾಡ್ಕೊಡ್ರಿ" ಎಂದು ಮಕ್ಕಳು ಕೇಳುತ್ತಿದ್ದರು. ಕಲ್ಲಯ್ಯನವರು ಗಂಭೀರವಾಗಿ ತಲೆಯಾಡಿಸಿ, ನೆಗೆಟಿವ್ ತಂದು ಅಡುಗೆಮನೆಯ ಕಿಟಕಿಯ ಬಳಿ ಇಟ್ಟು ಹೋಗುತ್ತಿದ್ದರು. ಅಲ್ಲಿಂದ ಮುಂದಿನದು ಪಾರ್ವತವ್ವನ ಕೆಲಸ. ನೆಗೆಟಿವ್‌ನಲ್ಲಿ ಲೋಕವೇ ತಿರುವುಮುರುವು: ಸೀಸದಕಡ್ಡಿಯಲ್ಲಿ ತೀಡಿದಲ್ಲಿ ಬೆಳ್ಳಗಾಗುತ್ತದೆ, ಬ್ಲೇಡಿನಲ್ಲಿ ಕೆರೆದಲ್ಲಿ ಕಪ್ಪಾಗುತ್ತದೆ. ಸಿಡುಬಿನ ಕಲೆ ಮುಚ್ಚಿ, ಗೌಡರ ಬಣ್ಣ ಎರಡು ಸುತ್ತು ತಿಳಿಮಾಡಿ, ಕೊನೆಗೆ ಕಣ್ಣು.

ಮೊದಮೊದಲು ಕಣ್ಣು ಬರುತ್ತಿರಲಿಲ್ಲ. ಒಬ್ಬ ಮುದುಕನಿಗೆ ಬೆಕ್ಕಿನ ಕಣ್ಣು ಬಂದು, ಅವನ ಮಕ್ಕಳು ಹೆದರಿ ಆಸ್ತಿಯನ್ನು ಜಗಳವಿಲ್ಲದೆ ಪಾಲು ಮಾಡಿಕೊಂಡಿದ್ದರು. ಆಗ ಕಲ್ಲಯ್ಯನವರು ‘ಬೆಳಕು’ ಲಕೋಟೆಯನ್ನು ಅವಳ ಮುಂದೆ ಎಸೆದು, "ಇದನ್ನ ನೋಡಿ ತೀಡು" ಅಂದರು. ಅವಳು ನೋಡಿ ತೀಡಿದಳು. ವರ್ಷ ಕಳೆದ ಮೇಲೆ ನೋಡದೆಯೂ ಕೈ ತೀಡಿತು. ಚಿತ್ರ ಒಂದೊಂದಾಗಿ ಒಂದೊಂದು ಮನೆಗೆ ಹೋಗಿ ದೇವರಕೋಣೆಯ ಗೋಡೆ ಏರಿತು. ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ, ಸದಾಶಿವಪ್ಪನವರಿಗೆ ಇತಿಹಾಸದ ಹಸಿವು ಹುಟ್ಟುವ ತನಕ.

"ನೋಡ್ರಿ ಪಾರ್ವತಕ್ಕ," ಎನ್ನುತ್ತ ಹುಲೇಕಲ್ಲಿನ ಪರಿಮಳಾ ಪಕ್ಕಕ್ಕೆ ಬಂದು ನಿಂತಳು. ನಿವೃತ್ತ ಶಿಕ್ಷಕಿ, ತೋಟದ ಮನೆತನದವಳು. "ಯಮ್ಮನೆ ಅಜ್ಜನ ಕಣ್ಣು ನೋಡಿ, ಹುಲಿ ನೋಡ್ದಂಗೆ ಇದ್ದು. ಈ ಕಣ್ಣು ಯಂಗಳ ಮನೆಯಲ್ಲಿ ಆರು ತಲೆಮಾರಿಂದ ಇದ್ದು. ನನ್ನ ಮೊಮ್ಮಗಳು ಅಭಿಜ್ಞಂಗೂ ಇದೇ ಕಣ್ಣು ಬೈಂದು."

ಆ ಅಜ್ಜ ಚೌಡಮ್ಮನ ಕೇರಿಯವರ ನೆರಳು ಬಿದ್ದರೆ ಮತ್ತೊಮ್ಮೆ ಮುಳುಗು ಹಾಕುತ್ತಿದ್ದವರು. ಫೋಟೋ ಹೊಡೆಯುವಾಗ ಸೀನಿದ್ದರು. ಪಾರ್ವತವ್ವ ಬಾಗಿಲ ಕಡೆ ನೋಡಿದಳು. ಚಪ್ಪಲಿಗಳ ರಾಶಿಯ ಆಚೆ ದೇವಕಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಫೋಟೋ ಮಡಚಿಹೋಗದಿರಲೆಂದು ಅದರೊಳಗೆ ಒಂದು ರಟ್ಟು ಇಟ್ಟುಕೊಂಡು ಬಂದಿದ್ದಳು.

ಸಭೆ ಶುರುವಾಯಿತು. ಒಬ್ಬರು ಕಲ್ಲಯ್ಯನವರು ಬೆಳಕನ್ನು ಧ್ಯಾನಿಸಿದ್ದರು ಅಂದರು. ಇನ್ನೊಬ್ಬರು ಅವರ ಯಶಸ್ಸಿನ ಹಿಂದೆ ಪತ್ನಿಯ ಮೌನ ಇತ್ತು ಅಂದರು. ಎಲ್ಲರೂ ತಿರುಗಿ ನೋಡಿದರು, ಪಾರ್ವತವ್ವ ಮೌನವಾಗಿಯೇ ಇದ್ದದ್ದರಿಂದ ಮಾತು ನಿಜವೆಂದು ತೋರಿತು. ಕೊನೆಗೆ ಸದಾಶಿವಪ್ಪ ಎದ್ದು ತಮ್ಮ ತಂದೆಯ ಚಿತ್ರದ ಕಡೆ ಕೈಮಾಡಿದರು.

"ಆ ನೋಟ ನೋಡ್ರಿ. ಅದು ನಮ್ಮ ರಕ್ತದ ನೋಟ! ನಲವತ್ತು ಆಳನ್ನ ಬರೇ ಕಣ್ಣಾಗ ನಿಲ್ಲಿಸಿದ ಮನುಷ್ಯಾ. ಈಗಿನ ಮಂದಿ ಸಮಾನತೆ ಅಂತಾರ. ಆ ಕಣ್ಣಿಗೆ ಸಮಾನ ಯಾರ ಅದಾರ, ತೋರಿಸ್ರಿ!"

ಚಪ್ಪಾಳೆ. ಆಮೇಲೆ, "ಈಗ ಅವ್ವಾರು ಎರಡು ಮಾತು."

ಗಿರೀಶ ಕಿವಿಯ ಹತ್ತಿರ ಬಾಗಿದ. "ಅವ್ವಾ, ಅತ್ತು ಬಾ, ಸಾಕು."

ಮೈಕಿನ ತನಕ ನಡೆಯುವಾಗ ಅಳುವ ಮನಸ್ಸೇ ಇತ್ತು. ಎಪ್ಪತ್ತಾರರ ಮುದುಕಿ, ಗಂಡ ಸತ್ತಿದ್ದಾನೆ, ಅಳುವುದು ಸುಲಭ. ಆದರೆ ದೇವಕಿ ಬಾಗಿಲಲ್ಲಿ ರಟ್ಟಿನ ಚೀಲ ಹಿಡಿದು ನೇರವಾಗಿ ಅವಳನ್ನೇ ನೋಡುತ್ತಿದ್ದಳು. ಆಚೆ ಹೋಗಿ ಅವಳಿಗೆ ಏನು ಹೇಳುವುದು? ನಿಮ್ಮವ್ವನ ಮುಖ ಗುಜರಿಗೆ ಹೋಯಿತು, ಬೆಳ್ಳಿ ತೆಗೆಯುತ್ತಾರಂತೆ, ಎಂದೇ?

"ನಮ್ಮನಿಯವ್ರು ಚಲೋ ಫೋಟೋ ಹೊಡೀತಿದ್ರು," ಅಂದಳು. "ಕಣ್ಣು ಮಾತ್ರ ನಾ ಬರೀತಿದ್ದೆ."

ಎಂಥ ಕಾವ್ಯಮಯ ಮಾತು ಎಂದು ಜನ ಚಪ್ಪಾಳೆ ತಟ್ಟಿದರು.

"ಚಪ್ಪಾಳಿ ಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಇಲ್ಲಿ ನಲವತ್ಮೂರು ಮಂದಿ ಕಣ್ಣು ಮುಚ್ಚಿದ್ರು. ಹನ್ನೊಂದು ಮಂದಿ ಸತ್ತು ಮುಚ್ಚಿದ್ರು, ಉಳಿದೋರು ಜೀವಂತ ಇದ್ದು ಮುಚ್ಚಿದ್ರು. ಎಲ್ಲಾರ ಕಣ್ಣೂ ಸೀಸದಕಡ್ಡಿ, ಬ್ಲೇಡ್ ಹಿಡಿದು ತೆರೆದಾಕಿ ನಾನು. ಸದಾಶಿವಣ್ಣಾ, ನಿಮ್ಮಪ್ಪಾರದೂ."

ಸಭೆಯ ತಲೆಗಳು ಗೋಡೆಯತ್ತ ತಿರುಗಿದವು. ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ. ಒಮ್ಮೆ ಕಂಡ ಮೇಲೆ ಕಾಣದಿರುವಂತೆ ಮಾಡಲು ಯಾರಿಂದಲೂ ಆಗಲಿಲ್ಲ.

"ಅಯ್ಯೋ ರಾಮ, ಎಲ್ಲ ಒಂದೇ ಕಣ್ಣು!" ಪರಿಮಳಾ ಎದ್ದು ನಿಂತಳು. "ಯಾರ್ದು ಪಾರ್ವತಕ್ಕ? ನಿಮ್ದಾ?"

"ನಂದಲ್ಲ. ಚೌಡಮ್ಮಂದು. ಸ್ಟುಡಿಯೋ ಕಸ ಹೊಡೀತಿದ್ಲಲ್ಲ, ಆಕೀದು. ನಮ್ಮನಿಯವ್ರ ಹತ್ರ ಇದ್ದ ಚಲೋ ಕಣ್ಣು ಅದೊಂದ."

ನಲವತ್ಮೂರು ಮನೆಯವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು: ಎಷ್ಟು ಹಬ್ಬಕ್ಕೆ ಹೂವು ಏರಿಸಿದೆವು, ಎಷ್ಟು ಸೊಸೆಯಂದಿರು ಆ ಕಣ್ಣಿನ ಮುಂದೆ ಅಡ್ಡಬಿದ್ದರು, ಪರೀಕ್ಷೆಗೆ ಹೋಗುವ ಮಕ್ಕಳು ಯಾರ ಆಶೀರ್ವಾದ ಪಡೆದರು.

"ಶುದ್ಧ ಮಾಡಿಸ್ಬೇಕು," ಎಂದು ನಡುವಿನ ಸಾಲಿನಲ್ಲಿ ಯಾರೋ ಅಂದರು.

"ಫೋಟೋಗೋ, ನಮಗೋ?" ಎಂದು ಪಕ್ಕದವರು ಕೇಳಿದರು. ಆ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಇದ್ದಂತಿರಲಿಲ್ಲ.

ಅದೇ ಗಳಿಗೆಯಲ್ಲಿ ಪರದೆ ಬೆಳಗಿತು. ಅಷ್ಟು ಹೊತ್ತು ಅಲುಗಾಡದಿದ್ದ ಕಲ್ಲಯ್ಯನವರು ತುಟಿ ತೆರೆದು, ಟಿವಿಯಲ್ಲಿ ವಾರ್ತೆ ಓದುವವನ ದನಿಯಲ್ಲಿ, "ಪ್ರೀತಿಯ ಬಂಧುಗಳೇ, ನಾನು ನಿಮ್ಮೆಲ್ಲರ ಕಣ್ಣಿನಲ್ಲಿ ಜೀವಂತವಾಗಿದ್ದೇನೆ" ಎಂದರು. ಹಾಗೆಂದು ಒಮ್ಮೆ ರೆಪ್ಪೆ ಬಡಿದರು. ಗಿರೀಶ ತಂತಿಯನ್ನೇ ಕಿತ್ತ.

ಊಟಕ್ಕೆ ಕರೆಯದಿದ್ದರೂ ಜನ ಊಟಕ್ಕೆ ಎದ್ದರು. ಉಂಡು, ಕೈ ತೊಳೆದು, ಹಿಂಬಾಗಿಲಿನಿಂದ ಹೋದರು. ಗೋಡೆಯ ಕಡೆ ಯಾರೂ ಸುಳಿಯಲಿಲ್ಲ. ಅಜ್ಜನನ್ನು ಎತ್ತಿಕೊಂಡು ಹೋದರೆ ಚೌಡಮ್ಮನನ್ನು ಹೊತ್ತಂತೆ, ಬಿಟ್ಟು ಹೋದರೆ ಅಜ್ಜನನ್ನು ಬೀದಿಪಾಲು ಮಾಡಿದಂತೆ. ಆರು ತಲೆಮಾರಿನ ಕಣ್ಣಿನ ಪರಿಮಳಾ ಕೂಡ, "ಬಸ್ಸಿಗೆ ಹೊತ್ತಾತು, ಆನು ನಾಳೆ ಬತ್ತಿ" ಎಂದು ಯಾರೂ ಕೇಳದೆಯೇ ಹೇಳಿ ಹೊರಟಳು.

ಸಂಜೆ ನಾಲ್ಕಕ್ಕೆ ಸದಾಶಿವಪ್ಪ ಒಬ್ಬರೇ ಮರಳಿ ಬಂದರು. ತಂದೆಯ ಚಿತ್ರ ಇಳಿಸಿ, ಮುಖ ಒಳಗಾಗುವಂತೆ ಟವೆಲಿನಲ್ಲಿ ಸುತ್ತಿ, ಪಾರ್ವತವ್ವನ ಮುಂದೆ ದನಿ ತಗ್ಗಿಸಿದರು.

"ಅವ್ವಾರ, ಒಂದು ಉಪಕಾರ ಆಗಬೇಕ್ರಿ. ಇದನ್ನ... ಮುಚ್ಚಾಕ ಬರ್ತದೇನ್ರಿ?"

"ಏನನ್ನ?"

"ಕಣ್ಣು ರಿ. ಮೊದಲಿದ್ದಂಗ ಮುಚ್ಚಿಬಿಡ್ರಿ."

"ತೆರ್ಯೋದಷ್ಟ ಕಲ್ತೀನಪ್ಪಾ," ಅಂದಳು ಪಾರ್ವತವ್ವ. "ಮುಚ್ಚೋದು ನಿಮ್ಮ ಮನಿಯವ್ರಿಗೆ ಬರ್ತದ. ನಿಮ್ಮಪ್ಪಾರು ಹೋದಾಗ ಅವರ ಕಣ್ಣು ಮುಚ್ಚಿದ್ದು ನೀವ ಅಲ್ಲ?"

ಅವರು ಟವೆಲ್ ಬಿಗಿಮಾಡಿಕೊಂಡು ನಡೆದರು. ಬಾಗಿಲಲ್ಲಿ ದೇವಕಿಗೆ ದಾರಿ ಬಿಡಬೇಕಾಗಿ ಬಂತು. ಅವಳು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಳು.

ಅವಳು ಗೋಡೆಯುದ್ದಕ್ಕೂ ನಿಧಾನ ನಡೆದಳು. ಶಾನುಭೋಗರ ಮುಂದೆ ನಿಂತಳು, ವಕೀಲರ ಮುಂದೆ ನಿಂತಳು. ಯಲ್ಲಾಪುರದ ಪೈಲ್ವಾನನ ಮುಂದೆ ನಿಂತಾಗ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡು ಪಾರ್ವತವ್ವ ಹತ್ತಿರ ಹೋದಳು.

"ಮೀಸೆ ಅವ್ವಂಗೆ ಚಲೋ ಒಪ್ತದೆ ಅಕ್ಕಾ," ಅಂದಳು ದೇವಕಿ. ಆಮೇಲೆ ನಗು ನಿಂತಿತು. "ಎಲ್ಲರ ಮನೇಲೂ ಅವ್ವ ಇದ್ಲು. ನಮ್ಮನೆ ಗೋಡೆಗೆ ಮಾತ್ರ ಇಲ್ಲ. ನಂದು ಎಲ್ಲಿ?"

"ಗುಜರಿಗೆ ಹೋತವ್ವಾ. ಹುಡುಕಿದೆ. ಹೋತು."

ದೇವಕಿ ಚೀಲದ ರಟ್ಟನ್ನು ಸವರಿದಳು. "ಹಾಂಗಾದ್ರೆ ಇನ್ನೊಂದು ಮಾಡಿ ಕೊಡಿ. ನೀವು ಮಾತು ಕೊಟ್ಟದ್ದು."

ಪಾರ್ವತವ್ವ ಹೊರಗೆ ಹೋಗಿ ಫ್ಲೆಕ್ಸ್ ಬಿಚ್ಚುತ್ತಿದ್ದ ಮಗನನ್ನು ಕರೆದಳು. "ನಿಮ್ಮಪ್ಪನ ಈ ಫೋಟೋ ನಿನ್ನ ಕಂಪ್ಯೂಟರಿನಾಗ ಐತಲ್ಲ? ಕಣ್ಣಷ್ಟ ಪ್ರಿಂಟ್ ಹಾಕು. ಉಳಿದ ಹಾಳಿ ಬಿಳೇದ ಇರ್ಲಿ. ಐದಾರು ಪ್ರತಿ ಬೇಕು."

"ಅಪ್ಪನ ಕಣ್ಣಾ? ಅದೂ...?"

"ನಿಮ್ಮಪ್ಪ ತಮಗೂ ಒಂದ ಪ್ಲೇಟ್ ಖರ್ಚು ಮಾಡಿದ್ರು. ಆವಾಗ ಕಣ್ಣು ಮುಚ್ಚಿದ್ರು."

ಗಿರೀಶ ಹನ್ನೆರಡು ಅಡಿಯ ತಪಸ್ವಿಯನ್ನು ತಲೆಯೆತ್ತಿ ನೋಡಿದ. ಇವತ್ತಿನ ದಿನ ಬಹಳ ಉದ್ದವಾಗಿತ್ತು. ಅಂಗಡಿಗೆ ಹೋಗಿ ಮಷಿನ್ ಹಚ್ಚಿದ.

ಹಳೇ ಸ್ಟುಡಿಯೋದ ಕೋಣೆಯಲ್ಲೇ ಅವನ ಅಂಗಡಿ. ಗಿರಾಕಿಗಳ ಹಳೇ ಕುರ್ಚಿ ಮೂಲೆಯಲ್ಲಿತ್ತು. "ಕುಂದ್ರು," ಅಂದಳು ಪಾರ್ವತವ್ವ. ದೇವಕಿ ನೆಲ ನೋಡಿದಳು, ಕುರ್ಚಿ ನೋಡಿದಳು, ಕೂತಳು. ಅದೇ ಕಿಟಕಿಯ ಇಳಿಬೆಳಕಿನಲ್ಲಿ ಪಾರ್ವತವ್ವ ಕಣ್ಣಷ್ಟೇ ಅಚ್ಚಾಗಿದ್ದ ಬಿಳಿ ಹಾಳೆ ಮುಂದಿಟ್ಟುಕೊಂಡು ಸೀಸದಕಡ್ಡಿ ಕೆತ್ತಿದಳು. ಮುಖಗಳಿಗೆ ಕಣ್ಣು ಬರೆದ ಕೈ. ಕಣ್ಣಿನ ಸುತ್ತ ಒಂದು ಮುಖ ಬರೆಯುವುದು ಎಷ್ಟರ ಕೆಲಸ?

ಹಣೆಯ ಗೆರೆ ಎಳೆದಳು. ಮೂಗಿಗೆ ಇಳಿದಳು. ಕೈ ನಿಂತಿತು.

"ಮೂಗುಬೊಟ್ಟು ಎಡಕ್ಕಲ್ಲನವ್ವಾ ಚೌಡಮ್ಮಗ?"

"ಅವ್ವಂಗೆ ಮೂಗುಬೊಟ್ಟು ಎಲ್ಲಿತ್ತು?" ದೇವಕಿ ಕುರ್ಚಿಯಲ್ಲಿ ಮುಂದೆ ಬಾಗಿದಳು. "ಮೂಗು ಚುಚ್ಚಿಸಿರಲೇ ಇಲ್ಲ. ಗದ್ದದ ಮೇಲೆ ಮೂರು ಹಚ್ಚೆ ಚುಕ್ಕಿ ಇತ್ತು. ಮೂವತ್ತು ವರ್ಷ ನೋಡಿದೀರಲ್ಲ ಅಕ್ಕಾ?"

ಮೂವತ್ತು ವರ್ಷ ಆ ಹೆಂಗಸು ದಿನಾ ಬೆಳಿಗ್ಗೆ ಬಾಗಿಲಿಗೆ ಬಂದಿದ್ದಳು. ಪಾರ್ವತವ್ವನ ನೆನಪಿಗೆ ಬಂದದ್ದು ಒಂದು ಜೊತೆ ಕಣ್ಣು, ಒಂದು ಕಸಬರಿಗೆ, ತಾನು ಎತ್ತರದಿಂದ ನೀರು ಹೊಯ್ಯುತ್ತಿದ್ದ ಎರಡು ಅಂಗೈ. ನಡುವೆ ಇರಬೇಕಾದ ಮುಖ ಇರಲಿಲ್ಲ. ನಲವತ್ಮೂರು ಮನೆಯವರ ಮೇಲೆ ಬೆಳಗಿನಿಂದ ಇದ್ದ ಸಿಟ್ಟು ಈಗ ಅವಳ ಕಡೆಗೇ ತಿರುಗಿತು.

"ನೀ ಹೇಳು," ಅಂದಳು ಪಾರ್ವತವ್ವ. "ನಾ ತೀಡ್ತೀನಿ."

ದೇವಕಿ ಹೇಳಿದಳು. ಕೆನ್ನೆ ಇಷ್ಟು ತುಂಬಿರಲಿಲ್ಲ. ಕೂದಲು ಎಳೆದು ಕಟ್ಟುತ್ತಿದ್ದಳು. ಬಣ್ಣ ತಿಳಿ ಮಾಡೂದು ಬೇಡ, ಇದ್ದ ಹಾಂಗೇ ಇರಲಿ. ಕೆಳತುಟಿ ದಪ್ಪ, ಬೈಯೂಕೆ ಹೊರಟವರ ಹಾಂಗೆ ಮುಂದೆ. ಪಾರ್ವತವ್ವ ಎಳೆದಳು, ಒರೆಸಿದಳು, ಎಳೆದಳು. ಎರಡು ಹಾಳೆ ಕೆಟ್ಟವು, ಮೂರನೆಯದನ್ನು ಎತ್ತಿ ತೋರಿಸಿದಳು.

"ಅಲ್ಲ," ಅಂದಳು ದೇವಕಿ. "ಇದು ಯಾರೋ ಒಳ್ಳೆಯವಳು. ಅವ್ವ ಅಲ್ಲ. ಇನ್ನೊಂದು ಮಾಡಿ."

ಕಲ್ಲಯ್ಯನವರು ಯಾರಿಗೂ ಎರಡನೆಯ ಪ್ಲೇಟು ಕೊಟ್ಟವರಲ್ಲ. ಪಾರ್ವತವ್ವ ನಾಲ್ಕನೆಯ ಹಾಳೆ ತೆಗೆದುಕೊಂಡಳು.